ಬೈಕ್ ಎಂಜಿನ್ ಕೂರಿಸಿದ ಕಾರಿನಲ್ಲಿ ಸದ್ದಿನ ಜಾಡು ಹಿಡಿದದ್ದು

ನನ್ನ ಕಾರು ಬಿಡಿಭಾಗಗಳ ಕಿಟ್ ತಂದು ಕಟ್ಟಿದ್ದು. ಲೋಟಸ್ ಸೆವೆನ್ ಥರದ ಎರಡು ಸೀಟಿನ ಗಾಡಿ. ಉಕ್ಕಿನ ಪೈಪುಗಳ ಚಾಸಿ, ಅದರ ಮೇಲೆ ಅಲ್ಯೂಮಿನಿಯಂ ಶೀಟು. ಮುಂದೆ ಸುಜುಕಿ ಹಯಾಬುಸಾ ಬೈಕಿನ ಎಂಜಿನ್, ಹಿಂದೆ ಹಳೇ ಫೋರ್ಡ್ ಸಿಯೆರಾದಿಂದ ಬಿಚ್ಚಿದ 3.62 ಅನುಪಾತದ ಡಿಫರೆನ್ಷಿಯಲ್ (ಶಾಫ್ಟಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ). ನಡುವೆ ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ಒಯ್ಯುವ, ಎರಡು ತುಂಡಿನ ಪ್ರೊಪೆಲ್ಲರ್ ಶಾಫ್ಟ್.

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ವೇಗ 100 ಕಿ.ಮೀ. ದಾಟುತ್ತಿದ್ದ ಹಾಗೆ ಬೆನ್ನ ಹಿಂದಿನಿಂದ ಗುಂಯ್ ಎಂದು ಒಂದು ಸದ್ದು ಏಳುತ್ತಿತ್ತು. 105ರ ಹತ್ತಿರ ಜೋರಾಗಿ, 120 ದಾಟಿದ ಮೇಲೆ ಸ್ವಲ್ಪ ಇಳಿಯುತ್ತಿತ್ತು. ಪಕ್ಕದಲ್ಲಿ ಕೂತವರೆಲ್ಲ ಹೇಳಿದ್ದು ಒಂದೇ: "ಡಿಫರೆನ್ಷಿಯಲ್ ಹೋಗಿದೆ." ಸದ್ದು ಹಿಂದಿನಿಂದ ಬರುತ್ತದೆ, ಹಿಂದೆ ಇರುವುದು ಡಿಫರೆನ್ಷಿಯಲ್, ಅಲ್ವಾ?

ಇಂಥ ಚಾಸಿಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಪೈಪುಗಳು ಸದ್ದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸಲೀಸಾಗಿ ಸಾಗಿಸುತ್ತವೆ. ಯಾವ ಶೀಟು ಸಡಿಲವಾಗಿದೆಯೋ ಅದು ಡೋಲಿನ ಹಾಗೆ ಬಾರಿಸುತ್ತದೆ. ಕಿವಿಗೆ ಸಿಗುವುದು ಡೋಲಿನ ಜಾಗ, ಬಾರಿಸುವವನ ಜಾಗ ಅಲ್ಲ. ಹಾಗಾಗಿ ಸದ್ದು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಪಕ್ಕಕ್ಕಿಟ್ಟೆ. ಅದು ಯಾವ ತಿರುಗುವ ಭಾಗದ ಜೊತೆ ಏರಿಳಿಯುತ್ತದೆ ಎಂದು ಹುಡುಕಿದೆ.

ಅದಕ್ಕೂ ಮೊದಲು ಸದ್ದುಗಳನ್ನು ಬೇರೆ ಬೇರೆ ಮಾಡಬೇಕಿತ್ತು. ನನ್ನ ಕಾರಿನಲ್ಲಿ ಇದ್ದದ್ದು ಒಂದು ಸದ್ದಲ್ಲ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಗಡಗಡ, ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಠಕ್, ವೇಗದಲ್ಲಿ ಗುಂಯ್. ಮೂರನ್ನೂ ಒಂದೇ ಕಾಯಿಲೆ ಎಂದುಕೊಂಡು ಹೊರಟರೆ ಯಾವುದೂ ಸಿಗುವುದಿಲ್ಲ.

ಐಡಲ್ ಗಡಗಡ ಸುಲಭದ್ದು. ಕ್ಲಚ್ ಒತ್ತಿದೆ, ಸದ್ದು ಪೂರ್ತಿ ಬದಲಾಯಿತು. ದೊಡ್ಡ ನಾಲ್ಕು ಸಿಲಿಂಡರಿನ ಬೈಕ್ ಎಂಜಿನ್‌ಗಳಲ್ಲಿ ಕ್ಲಚ್ ಬಾಸ್ಕೆಟ್ (ಕ್ಲಚ್ ಪ್ಲೇಟುಗಳು ಕೂರುವ ಬಟ್ಟಲು) ಐಡಲ್‌ನಲ್ಲಿ ಅಲುಗಾಡಿ ಸದ್ದು ಮಾಡುವುದು ಮಾಮೂಲು. ಬೈಕಿನಲ್ಲಿ ಅದು ಅಷ್ಟು ಕೇಳಿಸುವುದಿಲ್ಲ. ಇಲ್ಲಿ ಎಂಜಿನ್ ನಮ್ಮ ಮೊಣಕಾಲಿನ ಮುಂದೆ, ಶೀಟಿನ ಗೂಡಿನೊಳಗೆ ಇರುತ್ತದೆ. ಸಿಲಿಂಡರುಗಳು ಒಂದೇ ಸಮ ಎಳೆಯದಿದ್ದರೆ ಅದು ಜಾಸ್ತಿಯಾಗುತ್ತದೆ. ಸಿಲಿಂಡರುಗಳಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗಳನ್ನು ವ್ಯಾಕ್ಯೂಮ್ ಗೇಜ್ ಹಾಕಿ ಸರಿದೂಗಿಸಿದೆ. ಸದ್ದು ಅರ್ಧಕ್ಕೆ ಇಳಿಯಿತು. ಉಳಿದರ್ಧವನ್ನು ಹಾಗೇ ಬಿಟ್ಟಿದ್ದೇನೆ.

ಠಕ್ ಸದ್ದಿನಲ್ಲಿ ತಿಳಿದುಕೊಳ್ಳಬೇಕಾದದ್ದು ಜಾಸ್ತಿ ಇದೆ. ಬೈಕಿನ ಹಿಂದಿನ ಚಕ್ರದ ಹಬ್ಬಿನಲ್ಲಿ ರಬ್ಬರ್ ಡ್ಯಾಂಪರ್‌ಗಳು ಇರುತ್ತವೆ. ಎಂಜಿನ್ ಜಗ್ಗಿದಾಗ ಮೊದಲ ಪೆಟ್ಟನ್ನು ಅವು ತಿನ್ನುತ್ತವೆ. ಚೈನಿನ ಸಡಿಲವೂ ಕೊಂಚ ಪೆಟ್ಟು ತಾಳಿಕೊಳ್ಳುತ್ತದೆ. ಕಾರಿಗೆ ಹಾಕುವಾಗ ಇವೆರಡೂ ಹೋಗುತ್ತವೆ. ಸ್ಪ್ರಾಕೆಟ್ ಇದ್ದ ಜಾಗಕ್ಕೆ ಒಂದು ಉಕ್ಕಿನ ಅಡಾಪ್ಟರ್, ಅದಕ್ಕೆ ನೇರ ಪ್ರೊಪೆಲ್ಲರ್ ಶಾಫ್ಟ್. ಜೊತೆಗೆ ಬೈಕ್ ಗೇರ್‌ಬಾಕ್ಸಿನ ಡಾಗ್‌ಗಳ (ಗೇರುಗಳನ್ನು ಒಂದಕ್ಕೊಂದು ಕಚ್ಚಿಸುವ ಮೊಂಡು ಹಲ್ಲುಗಳ) ನಡುವೆ ಬೇಕೆಂದೇ ಅಗಲ ಜಾಗ ಬಿಟ್ಟಿರುತ್ತಾರೆ, ಗೇರ್ ಬೇಗ ಕಚ್ಚಲಿ ಎಂದು. ಗೇರಿಗೆ ಹಾಕಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಕೆಲವು ಡಿಗ್ರಿ ಸುಮ್ನೆ ಓಡಾಡುತ್ತದೆ. ಮೊದಲ ಸಲ ಇದನ್ನು ನೋಡಿದವರು ಗೇರ್‌ಬಾಕ್ಸ್ ಸವೆದಿದೆ ಎಂದು ಗಾಬರಿಯಾಗುತ್ತಾರೆ. ಆಗಬೇಕಿಲ್ಲ.

ಆದರೆ ಆ ಓಡಾಟದಲ್ಲಿ ಯಾರ ಪಾಲು ಎಷ್ಟು ಎಂದು ನೋಡಲೇಬೇಕು. ಶಾಫ್ಟನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸುತ್ತಾ ಒಂದೊಂದೇ ಜೋಡಣೆಯ ಮೇಲೆ ಬೆರಳಿಟ್ಟೆ. ಎರಡು ಭಾಗ ಸೇರುವ ಗೆರೆಯ ಮೇಲೆ ಅಡ್ಡವಾಗಿ ಬೆರಳಿಟ್ಟರೆ ಕಣ್ಣಿಗೆ ಕಾಣದ ಪ್ಲೇ (ಸಡಿಲ) ಕೂಡ ಗೊತ್ತಾಗುತ್ತದೆ. ಶಾಫ್ಟ್ ಓರೆಯಾದರೂ ತಿರುಗಲು ಬಿಡುವ ಯು-ಜಾಯಿಂಟುಗಳು ಬಿಗಿಯಾಗಿದ್ದವು. ಡಿಫರೆನ್ಷಿಯಲ್‌ನಲ್ಲಿ ಇರಬೇಕಾದಷ್ಟೇ ಪ್ಲೇ ಇತ್ತು. ಅಡಾಪ್ಟರ್ ಮಾತ್ರ ಸ್ಪ್ಲೈನ್ ಮೇಲೆ, ಅಂದರೆ ಶಾಫ್ಟಿನ ತುದಿಯ ಉದ್ದುದ್ದ ಹಲ್ಲುಗಳ ಮೇಲೆ, ಕೂದಲೆಳೆಯಷ್ಟು ಅಲುಗಾಡುತ್ತಿತ್ತು. ಬಿಚ್ಚಿ ನೋಡಿದರೆ ಸ್ಪ್ಲೈನ್ ಹಲ್ಲುಗಳ ಬುಡದಲ್ಲಿ ಕೆಂಪು ಪುಡಿ. ಉಕ್ಕಿಗೆ ಉಕ್ಕು ಸಣ್ಣದಾಗಿ ಉಜ್ಜುತ್ತಿದ್ದರೆ ಬರುವ ಪುಡಿ ಅದು. ನಟ್ಟಿನ ಬಿಗಿ ಕಡಿಮೆಯಾಗಿತ್ತು. ಎರಡನ್ನೂ ಚೆನ್ನಾಗಿ ತೊಳೆದು, ರಿಟೈನಿಂಗ್ ಕಾಂಪೌಂಡ್ (ಲೋಹದ ಜೋಡಣೆ ಅಲುಗದಂತೆ ಹಿಡಿಯುವ ಅಂಟು) ಹಚ್ಚಿ, ಹೊಸ ಲಾಕ್ ವಾಷರ್ ಹಾಕಿ ಮತ್ತೆ ಬಿಗಿ ಮಾಡಿದೆ. ಶಾಫ್ಟ್ ಹಾಕುವ ಮುಂಚೆ ಅಡಾಪ್ಟರಿನ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ತಟ್ಟೆ) ಮುಖಕ್ಕೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಿದೆ, ಡೊಂಕು ಇರಲಿಲ್ಲ. ಠಕ್ ಪೂರ್ತಿ ಹೋಗಲಿಲ್ಲ. ಮೆದುವಾಯಿತು. ಡ್ಯಾಂಪರ್ ಇಲ್ಲದ ಗಾಡಿಯಲ್ಲಿ ಅಷ್ಟೇ ಸಿಗುವುದು. ಮಿಕ್ಕದ್ದು ಬಲಗಾಲಿನ ಕೆಲಸ.

ಗುಂಯ್ ಮಾತ್ರ ಇದ್ದ ಹಾಗೇ ಇತ್ತು.

ಸಾಮಾನ್ಯ ಕಾರಾದರೆ ಎಲ್ಲರೂ ಹೇಳುವ ಮೊದಲ ಪರೀಕ್ಷೆ ನ್ಯೂಟ್ರಲ್ ಮಾಡಿ ಉರುಳಲು ಬಿಡುವುದು. ಬೈಕ್ ಗೇರ್‌ಬಾಕ್ಸಿನಲ್ಲಿ ಅದು ಆಗದ ಮಾತು. ನ್ಯೂಟ್ರಲ್ ಇರುವುದು 1 ಮತ್ತು 2ನೇ ಗೇರಿನ ನಡುವೆ. 105ರ ವೇಗದಲ್ಲಿ ಅಲ್ಲಿಗೆ ಇಳಿಸಲು ಹೋದರೆ ಎಂಜಿನ್ ಚಿಂದಿಯಾಗಬಹುದು. ಕ್ಲಚ್ ಒತ್ತಬಹುದು ಅಷ್ಟೇ. ಆದರೆ ಕ್ಲಚ್ ಒತ್ತಿದರೂ ಗೇರ್‌ಬಾಕ್ಸಿನ ಎರಡೂ ಶಾಫ್ಟುಗಳು ಚಕ್ರದ ಜೊತೆ ತಿರುಗುತ್ತಲೇ ಇರುತ್ತವೆ.

ಹಾಗಾಗಿ ಪರೀಕ್ಷೆಯನ್ನು ಎರಡು ಭಾಗ ಮಾಡಿದೆ. ಟ್ರ್ಯಾಕ್‌ನಲ್ಲಿ 105ಕ್ಕೆ ಏರಿಸಿ ಕ್ಲಚ್ ಒತ್ತಿ ಎಂಜಿನ್ನನ್ನು ಐಡಲ್‌ಗೆ ಬಿಟ್ಟೆ. ಸದ್ದು ಉಳಿಯಿತು. ಅಂದರೆ ಎಂಜಿನ್ ಮತ್ತು ಕ್ಲಚ್ ಬಾಸ್ಕೆಟ್ ಎರಡನ್ನೂ ಪಟ್ಟಿಯಿಂದ ತೆಗೆಯಬಹುದು. ಆಮೇಲೆ ಅದೇ 105ರಲ್ಲಿ 4, 5, 6ನೇ ಗೇರುಗಳಲ್ಲಿ ಓಡಿಸಿದೆ. ಗೇರ್ ಬದಲಾದಾಗ ಗೇರ್‌ಬಾಕ್ಸಿನ ಒಳಬರುವ ಶಾಫ್ಟಿನ ವೇಗ ಬದಲಾಗುತ್ತದೆ, ಹೊರಹೋಗುವ ಶಾಫ್ಟಿನದು ಅಲ್ಲ. ಸದ್ದಿನ ಶ್ರುತಿ ಒಂಚೂರೂ ಬದಲಾಗಲಿಲ್ಲ. ಉಳಿದದ್ದು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನಿಂದ ಚಕ್ರದವರೆಗಿನ ಭಾಗ.

ಟ್ರ್ಯಾಕಿನ ಉದ್ದನೆಯ ತಿರುವಿನಲ್ಲಿ ಭಾರವನ್ನು ಎಡಕ್ಕೂ ಬಲಕ್ಕೂ ಹಾಕಿ ನೋಡಿದೆ. ವ್ಯತ್ಯಾಸ ಇಲ್ಲ. ಚಕ್ರದ ಬೇರಿಂಗ್ ಆಗಿದ್ದರೆ ಒಂದು ಕಡೆ ಭಾರ ಬಿದ್ದಾಗ ಸದ್ದು ಹೆಚ್ಚಬೇಕಿತ್ತು. ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಡಿಫರೆನ್ಷಿಯಲ್ ಒಳಗಿನ ದೊಡ್ಡ-ಚಿಕ್ಕ ಗೇರ್ ಜೋಡಿ, ಅಂದರೆ ಕ್ರೌನ್-ಪಿನಿಯನ್, ಸರಿಯಾಗಿ ಕೂರದೆ ಕೂಗುತ್ತಿದ್ದರೆ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇರುತ್ತದೆ. ಡಿಫರೆನ್ಷಿಯಲ್ ಮೇಲಿನ ಆರೋಪ ಇಲ್ಲೇ ಸಡಿಲವಾಯಿತು.

ಕೆಲವರು ಗಾಡಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ ಓಡಿಸಿ ಕೇಳುತ್ತಾರೆ. ನಾನೂ ಕೇಳಿದೆ, ಆದರೆ ಅದನ್ನು ಪೂರ್ತಿ ನಂಬಲಿಲ್ಲ. ಚಕ್ರ ಗಾಳಿಯಲ್ಲಿ ಜೋತಾಗ ಡ್ರೈವ್ ಶಾಫ್ಟುಗಳ ಕೋನ ವಿಪರೀತವಾಗುತ್ತದೆ, ಇಲ್ಲದ ಸದ್ದು ಹುಟ್ಟುತ್ತದೆ. ಹಬ್ಬುಗಳ ಕೆಳಗೆ ಆಸರೆ ಕೊಟ್ಟು, ನೆಲದ ಮೇಲೆ ನಿಂತಾಗಿನ ಎತ್ತರದಲ್ಲೇ ಇಡಬೇಕು. ಓಡುವಾಗ ಕೆಳಗೆ ಯಾರೂ ತಲೆ ಹಾಕಬಾರದು. ಒಂದು ಮೈಕನ್ನು ಕಟ್ಟಿ ಹೊರಗೆ ನಿಂತು ಕೇಳಿದರೆ ಸಾಕು.

ಇನ್ನು ಲೆಕ್ಕ. ಕಾಗದ ಪೆನ್ನಿನ ಈ ಕೆಲಸಕ್ಕೆ ಬೇಕಾದದ್ದು ಅನುಪಾತಗಳು ಮಾತ್ರ. ನನ್ನ ಎಂಜಿನ್ನಿನ ಪ್ರೈಮರಿ ಅನುಪಾತ (ಕ್ರ್ಯಾಂಕಿನಿಂದ ಕ್ಲಚ್ಚಿಗೆ) 1.596, 6ನೇ ಗೇರ್ 1.043. ಎರಡನ್ನೂ ಗುಣಿಸಿದರೆ ಸುಮಾರು 1.665. 6ನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 6,000 ಸುತ್ತಿನಲ್ಲಿದ್ದರೆ ಪ್ರೊಪೆಲ್ಲರ್ ಶಾಫ್ಟ್ ನಿಮಿಷಕ್ಕೆ ಸುಮಾರು 3,600 ಸುತ್ತು, ಅಂದರೆ ಸೆಕೆಂಡಿಗೆ 60. ಅದನ್ನು ಡಿಫರೆನ್ಷಿಯಲ್ಲಿನ 3.62ರಿಂದ ಭಾಗಿಸಿದರೆ ಚಕ್ರ ಸೆಕೆಂಡಿಗೆ 16.6 ಸುತ್ತು. ನನ್ನ ಟೈರಿನ ಸುತ್ತಳತೆಗೆ ಅದು 105 ಕಿ.ಮೀ. ವೇಗ. ಸದ್ದು ಜೋರಾಗುವ ಜಾಗವೇ.

ಈಗ ಯಾವ ಭಾಗ ಯಾವ ಆವರ್ತನದಲ್ಲಿ ಮಾತಾಡಬೇಕು ಎಂದು ಬರೆದುಕೊಂಡೆ. ಕ್ರ್ಯಾಂಕ್ 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸಲ. ನಾಲ್ಕು ಸಿಲಿಂಡರಿನಲ್ಲಿ ಒಂದು ಸುತ್ತಿನಲ್ಲಿ ಎರಡು ಸಲ ಸಿಡಿಯುವುದರಿಂದ ಅದು 200. ಪ್ರೊಪೆಲ್ಲರ್ ಶಾಫ್ಟ್ ತೂಕ ತಪ್ಪಿದ್ದರೆ ಸುತ್ತಿಗೊಂದು ಪೆಟ್ಟು, 60 ಹರ್ಟ್ಸ್. ಯು-ಜಾಯಿಂಟ್ ಕೋನದ ತೊಂದರೆಯಾದರೆ ಸುತ್ತಿಗೆರಡು, 120. ಪಿನಿಯನ್ನಿನಲ್ಲಿ 13 ಹಲ್ಲು, ಹಾಗಾಗಿ ಹಲ್ಲು ಕಚ್ಚುವ ಸದ್ದು 780. ಚಕ್ರ, ಟೈರಿನದ್ದು 16.6 ಮತ್ತು ಅದರ ಮಡಿಗಳು.

ಫೋನಿನಲ್ಲಿ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಸಣ್ಣ ಹೊರಮೈಕನ್ನು ಟನಲ್ (ಶಾಫ್ಟ್ ಹಾದುಹೋಗುವ ನಡುವಿನ ಗೂಡು) ಒಳಗೆ ಸ್ಪಂಜಿನಲ್ಲಿ ಸುತ್ತಿ ಕಟ್ಟಿದೆ. ಫೋನಿನೊಳಗಿನ ಕಂಪನ ಸಂವೇದಕ ಈ ಕೆಲಸಕ್ಕೆ ಬೇಡ. ಎಷ್ಟೋ ಫೋನುಗಳಲ್ಲಿ ಅದು ಸೆಕೆಂಡಿಗೆ ನೂರಿನ್ನೂರು ಸಲ ಮಾತ್ರ ಅಳೆಯುತ್ತದೆ. 120 ಹರ್ಟ್ಸ್ ಕಾಣಬೇಕಾದರೆ 240ಕ್ಕಿಂತ ಜಾಸ್ತಿ ಸಲ ಅಳೆಯಬೇಕು. ಇಲ್ಲದಿದ್ದರೆ ಸುಳ್ಳು ಗೆರೆ ತೋರಿಸುತ್ತದೆ.

105 ಕಿ.ಮೀ. ವೇಗದಲ್ಲಿ ದೊಡ್ಡ ಗೆರೆ ಎದ್ದದ್ದು 120 ಹರ್ಟ್ಸ್‌ನಲ್ಲಿ. 60ರಲ್ಲಿ ಸಣ್ಣದೊಂದು ಗುಬುಟು. 780ರಲ್ಲಿ ಸಪೂರ ಗೆರೆ, ಆಕ್ಸಿಲರೇಟರ್ ಬಿಟ್ಟಾಗ ತೆಳ್ಳಗಾಗುತ್ತಿತ್ತು. 5ನೇ ಗೇರಿನಲ್ಲಿ ಅದೇ ವೇಗಕ್ಕೆ ಎಂಜಿನ್ 6,500ರ ಮೇಲೆ ಹೋಯಿತು, 120ರ ಗೆರೆ ಕದಲಲಿಲ್ಲ. ಶಾಫ್ಟನ್ನು ಬ್ಯಾಲೆನ್ಸ್ ಮಾಡಿಸು ಎಂದು ಒಂದಿಬ್ಬರು ಹೇಳಿದ್ದರು. ಗೆರೆ 60ರಲ್ಲಿ ಎದ್ದಿದ್ದರೆ ಮಾಡಿಸುತ್ತಿದ್ದೆ. 120ರಲ್ಲಿ ಎದ್ದಾಗ ಬ್ಯಾಲೆನ್ಸಿಗೆ ಕೊಡುವುದು ದುಡ್ಡು ದಂಡ.

ಯು-ಜಾಯಿಂಟ್ ಬಾಗಿದ ಸ್ಥಿತಿಯಲ್ಲಿ ತಿರುಗಿದರೆ ಹೊರಬರುವ ವೇಗ ಒಂದೇ ಸಮ ಇರುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡಿ ಎರಡು ಸಲ ಹಿಂದೆ ಬೀಳುತ್ತದೆ. 5 ಡಿಗ್ರಿ ಕೋನಕ್ಕೆ ಈ ಏರಿಳಿತ ಶೇಕಡಾ 0.4ರಷ್ಟು. ಕೋನ ಎರಡು ಪಟ್ಟಾದರೆ ಏರಿಳಿತ ನಾಲ್ಕು ಪಟ್ಟು. ಒಂದು ಶಾಫ್ಟಿನ ಎರಡು ತುದಿಯ ಜಾಯಿಂಟುಗಳಿಗೆ ಸಮ ಕೋನ ಇದ್ದು, ಯೋಕ್‌ಗಳು (ಜಾಯಿಂಟಿನ ಕವಲುಗಳು) ಒಂದೇ ಸಾಲಿನಲ್ಲಿದ್ದರೆ ಒಂದರ ತಪ್ಪನ್ನು ಇನ್ನೊಂದು ಹೊಡೆದುಹಾಕುತ್ತದೆ. ಹಾಗೆಂದು ಕೋನ ಸೊನ್ನೆ ಇದ್ದರೂ ಒಳ್ಳೆಯದಲ್ಲ. ಸೂಜಿ ಬೇರಿಂಗುಗಳು ಅಲುಗದೆ ಒಂದೇ ಜಾಗದಲ್ಲಿ ಗುಳಿ ಬೀಳಿಸುತ್ತವೆ.

ನನ್ನ ಶಾಫ್ಟಿನಲ್ಲಿ ಜಾಯಿಂಟುಗಳು ಮೂರು. ಒಂದೇ ತುಂಡಿನ ಶಾಫ್ಟ್ ಹಾಕದೇ ಇದ್ದದ್ದಕ್ಕೆ ಕಾರಣ ಉದ್ದ. 50 ಮಿ.ಮೀ. ಅಡ್ಡಳತೆ, 1.6 ಮಿ.ಮೀ. ದಪ್ಪದ ಉಕ್ಕಿನ ಪೈಪು 1.2 ಮೀಟರ್ ಉದ್ದವಿದ್ದರೆ, ಲೆಕ್ಕದ ಪ್ರಕಾರ ನಿಮಿಷಕ್ಕೆ 5,700 ಸುತ್ತಿನ ಹತ್ತಿರ ಹಗ್ಗದ ಹಾಗೆ ಬಾಗಿ ಕುಣಿಯಲು ಶುರು ಮಾಡುತ್ತದೆ. ಎಂಜಿನ್ 10,500ಕ್ಕೆ ಹೋದರೆ 6ನೇ ಗೇರಿನಲ್ಲಿ ಶಾಫ್ಟ್ 6,300 ತಿರುಗುತ್ತದೆ. ಉದ್ದ ಅರ್ಧವಾದರೆ ಈ ಮಿತಿ ನಾಲ್ಕು ಪಟ್ಟು ಮೇಲೆ ಹೋಗುತ್ತದೆ. ಅದಕ್ಕೇ ಎರಡು ತುಂಡು, ನಡುವೆ ಸೆಂಟರ್ ಬೇರಿಂಗ್. ಆದರೆ ಮೂರು ಜಾಯಿಂಟಿನಲ್ಲಿ ಹಿಂದಿನ ಎರಡು ಜೋಡಿಯಾಗುತ್ತವೆ, ಮುಂದಿನದು ಒಂಟಿ. ಅದರ ತಪ್ಪನ್ನು ಹೊಡೆದುಹಾಕಲು ಯಾರೂ ಇಲ್ಲ. ಅದು ಹೆಚ್ಚುಕಡಿಮೆ ನೇರವಾಗಿರಬೇಕು.

ಡಿಜಿಟಲ್ ಕೋನ ಅಳತೆಯ ಪಟ್ಟಿ ಇಟ್ಟು ಎಲ್ಲವನ್ನೂ ಅಳೆದೆ. ಮುಂದಿನ ಜಾಯಿಂಟಿನ ಕೋನ 1 ಡಿಗ್ರಿಗಿಂತ ಕಡಿಮೆ. ಹಿಂದಿನ ಎರಡೂ ಸಮ. ಎಲ್ಲ ಸರಿ ಇದೆ ಎಂದು ತೋರಿಸುತ್ತದೆ, ಗುಂಯ್ ಮಾತ್ರ ಇದೆ.

ಆ ಪಟ್ಟಿ ಅಳೆಯುವುದು ಮೇಲೆ-ಕೆಳಗಿನ ಕೋನವನ್ನು ಮಾತ್ರ. ಮೇಲಿನಿಂದ ನೋಡಿದಾಗ ಎಡ-ಬಲಕ್ಕೆ ಇರುವ ಓರೆ ಅದಕ್ಕೆ ಕಾಣುವುದಿಲ್ಲ. ಬೈಕ್ ಎಂಜಿನ್ ಕೂರಿಸುವ ಗಾಡಿಗಳಲ್ಲಿ ಈ ಓರೆ ನುಸುಳುವುದು ಬಹಳ ಸುಲಭ. ಎಂಜಿನ್ನನ್ನು 90 ಡಿಗ್ರಿ ತಿರುಗಿಸಿ, ಅದರ ಎಡಮಗ್ಗುಲು ಕಾರಿನ ಹಿಂದಕ್ಕೆ ಬರುವ ಹಾಗೆ ಇಡುತ್ತೇವೆ. ಔಟ್‌ಪುಟ್ ಶಾಫ್ಟ್ ಎಂಜಿನ್ನಿನ ಮಧ್ಯದಲ್ಲಿ ಇರುವುದಿಲ್ಲ, ಒಂದು ಪಕ್ಕಕ್ಕಿರುತ್ತದೆ. ಅದನ್ನು ಟನಲ್ ಎದುರಿಗೆ ತರಲು ಇಡೀ ಎಂಜಿನ್ ಇನ್ನೊಂದು ಪಕ್ಕಕ್ಕೆ ಸರಿಯಬೇಕು. ಆ ಪಕ್ಕದಲ್ಲಿ ಸೈಲೆನ್ಸರ್ ಪೈಪುಗಳಿಗೂ ಚಾಸಿಗೂ ಜಾಗದ ಜಗಳ. ಕೊನೆಗೆ ಎಂಜಿನ್ ಒಂಚೂರು ಓರೆಯಾಗಿ ಕೂರುತ್ತದೆ.

ಶಾಫ್ಟ್ ಬಿಚ್ಚಿ, ಅಡಾಪ್ಟರಿನ ಫ್ಲ್ಯಾಂಜ್ ಮುಖಕ್ಕೆ 400 ಮಿ.ಮೀ. ಉದ್ದದ ನೇರ ಪಟ್ಟಿಯೊಂದನ್ನು ಅಡ್ಡವಾಗಿ ಬೋಲ್ಟ್ ಮಾಡಿದೆ. ಅದರ ಎರಡು ತುದಿಗಳಿಂದ ಚಾಸಿಯ ಅಡ್ಡ ಪೈಪಿಗೆ ಇರುವ ದೂರ ಅಳೆದೆ. ಫ್ಲ್ಯಾಂಜನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆದು ಸರಾಸರಿ ತೆಗೆದೆ, ಪಟ್ಟಿಯ ಡೊಂಕು ಲೆಕ್ಕಕ್ಕೆ ಬರಬಾರದು ನೋಡಿ. ವ್ಯತ್ಯಾಸ 24 ಮಿ.ಮೀ. ಅಂದರೆ ಸುಮಾರು 3.5 ಡಿಗ್ರಿ ಓರೆ. ಪಿನಿಯನ್ ಮುಖವನ್ನೂ ಹಾಗೇ ನೋಡಿದೆ, ಅದು ನೇರವಾಗಿತ್ತು.

ಸೆಂಟರ್ ಬೇರಿಂಗನ್ನು ಪಕ್ಕಕ್ಕೆ ಸರಿಸಿದರೆ ಮುಂದಿನ ಜಾಯಿಂಟ್ ನೇರವಾಗುತ್ತದೆ, ಕೆಲಸವೂ ಸುಲಭ. ಆದರೆ ಆಗ ಹಿಂದಿನ ಜೋಡಿಯ ಸಮತೋಲ ಕೆಡುತ್ತದೆ. ತೊಂದರೆ ಒಂದು ಜಾಯಿಂಟಿನಿಂದ ಇನ್ನೊಂದಕ್ಕೆ ಹೋಗುತ್ತದೆ ಅಷ್ಟೇ. ಎಂಜಿನ್ನನ್ನೇ ನೇರ ಮಾಡಬೇಕಿತ್ತು. ಎರಡು ಮೌಂಟಿಂಗ್ ಬ್ರಾಕೆಟ್‌ಗಳನ್ನು ಹೊಸದಾಗಿ ಮಾಡಿಸಿದೆ. ಒಂದು ಸೈಲೆನ್ಸರ್ ಪೈಪು ಚಾಸಿಗೆ ತಾಗುವ ಹಾಗಾಯಿತು, ಅದನ್ನು ಕತ್ತರಿಸಿ ಬೇರೆ ಬಾಗು ಬೆಸುಗೆ ಹಾಕಿಸಿದೆ. ಇಡೀ ಕೆಲಸದಲ್ಲಿ ತಲೆ ತಿಂದದ್ದು ಇದೇ. ಕೊನೆಗೆ ಓರೆ 1 ಡಿಗ್ರಿಯೊಳಗೆ ಬಂತು. ಸೆಂಟರ್ ಬೇರಿಂಗ್ ಕೆಳಗೆ ತೆಳು ತಗಡು (ಶಿಮ್) ಕೊಟ್ಟು ಎತ್ತರವನ್ನೂ ಸರಿಮಾಡಿದೆ.

ಅದೇ ಟ್ರ್ಯಾಕ್, ಅದೇ ಮೈಕು, ಅದೇ ವೇಗ. 120ರ ಗೆರೆ 60ರ ಗುಬುಟಿಗಿಂತ ಸಣ್ಣದಾಗಿತ್ತು. ಬೆನ್ನ ಹಿಂದಿನ ಶೀಟು ಬಾರಿಸುವುದು ನಿಂತಿತು. ಡ್ಯಾಂಪಿಂಗ್ ಪ್ಯಾಡ್ ಅಂಟಿಸಿದ್ದರೂ ಆ ಶೀಟು ಸುಮ್ಮನಾಗುತ್ತಿತ್ತು. ಆದರೆ ಆ ಏರಿಳಿತ ಸೆಂಟರ್ ಬೇರಿಂಗಿನ ರಬ್ಬರನ್ನು, ಅಡಾಪ್ಟರಿನ ಸ್ಪ್ಲೈನನ್ನು ತಿನ್ನುತ್ತಲೇ ಇರುತ್ತಿತ್ತು. ಕೆಂಪು ಪುಡಿಗೂ ಇದಕ್ಕೂ ನಂಟು ಇದ್ದೇ ಇದೆ ಅನ್ನುವುದು ನನ್ನ ಅನಿಸಿಕೆ. ಆಮೇಲೆ ಒಮ್ಮೆ ಬಿಚ್ಚಿ ನೋಡಿದಾಗ ಪುಡಿ ಇರಲಿಲ್ಲ.

ಗುಂಯ್ ಹೋದ ಮೇಲೆ 780ರ ಸಣ್ಣ ಸಿಳ್ಳು ಚೆನ್ನಾಗಿ ಕೇಳಿಸುತ್ತಿದೆ. ಅದು ಡಿಫರೆನ್ಷಿಯಲ್‌ನದ್ದೇ. ಸದ್ಯಕ್ಕೆ ಬೆಳೆಯುತ್ತಿಲ್ಲ. ಆಗಾಗ ರೆಕಾರ್ಡ್ ಮಾಡಿ ಹಳೆಯದರ ಪಕ್ಕ ಇಟ್ಟು ನೋಡುತ್ತಿದ್ದೇನೆ. ಆಯಿಲ್ ಬದಲಿಸುವಾಗ ಪಿನಿಯನ್ ಬೇರಿಂಗಿನ ಬಿಗಿಯನ್ನೂ ಒಮ್ಮೆ ನೋಡಬೇಕು.