ಬಣ್ಣದ ಕೆಳಗಿದ್ದ ಬಿರುಕು: ಹಳೆಯ ಗಿಟಾರ್ ಕೊಂಡು ಸರಿಪಡಿಸಿದ ನನ್ನ ಅನುಭವ

ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಆನ್‌ಲೈನಿನಲ್ಲಿ ಮಾರುವವರು ಮುಂಭಾಗದ ಫೋಟೋಗಳನ್ನು ಧಾರಾಳವಾಗಿ ಹಾಕುತ್ತಾರೆ. ಗಿಟಾರಿನ ಆಯುಸ್ಸು ನಿಂತಿರುವ ಜಾಗ ಮಾತ್ರ ಹಿಂಭಾಗದಲ್ಲಿದೆ. ಕತ್ತು ಮುಗಿದು ತಲೆ, ಅಂದರೆ ಹೆಡ್‌ಸ್ಟಾಕ್ ಶುರುವಾಗುವ ನಾಲ್ಕು ಬೆರಳಿನಷ್ಟು ಭಾಗ ಅದು. ನಾನು ಕೊಂಡ ಗಿಟಾರ್ ಮುರಿದಿದ್ದದ್ದು ಅಲ್ಲೇ. ಯಾರೋ ಅದನ್ನು ಅವಸರದಲ್ಲಿ ಅಂಟಿಸಿ, ಮೇಲೆ ಕಪ್ಪು ಬಣ್ಣ ಹೊಡೆದು ಮುಚ್ಚಿದ್ದರು. ಅಲ್ಲಿ ಮುರಿದ ಗಿಟಾರ್ ಕೆಲಸಕ್ಕೆ ಬಾರದ ಗಿಟಾರ್ ಅಲ್ಲ. ಆದರೆ ಮುರಿದದ್ದನ್ನು ಮುಚ್ಚಿಡಲು ಮಾಡಿದ ಕೆಲಸವೇ ಮುಂದಿನ ರಿಪೇರಿಯನ್ನು ಹತ್ತು ಪಟ್ಟು ಕಷ್ಟ ಮಾಡುತ್ತದೆ. ಈ ಮಾತನ್ನು ನಾನು ಕೈಯಾರೆ ಬಿಚ್ಚಿ, ಕೆರೆದು, ಅಂಟಿಸಿ ತಿಳಿದುಕೊಂಡು ಹೇಳುತ್ತಿದ್ದೇನೆ.

ಗಿಟಾರ್ ಲೆಸ್ ಪಾಲ್ ಮಾದರಿಯದು. ಗಿಬ್ಸನ್ ಕಂಪನಿ 1952ರಲ್ಲಿ ಮಾರುಕಟ್ಟೆಗೆ ತಂದ ಆ ವಿನ್ಯಾಸವನ್ನು ಅನುಸರಿಸಿ ಬೇರೆಯವರು ತಯಾರಿಸಿದ್ದು. ಬೆಲೆ 18,000 ರೂಪಾಯಿ. ಈ ಮಾದರಿಯಲ್ಲಿ ತಲೆ ಕತ್ತಿನ ನೇರಕ್ಕೆ ಇರುವುದಿಲ್ಲ, ಹಿಂದಕ್ಕೆ ವಾಲಿರುತ್ತದೆ. ಮೂಲ ವಿನ್ಯಾಸದಲ್ಲಿ ಈ ಕೋನ 17 ಡಿಗ್ರಿ. ಕತ್ತನ್ನೂ ತಲೆಯನ್ನೂ ಒಂದೇ ಮಹಾಗನಿ ಹಲಗೆಯಿಂದ ಕೊರೆಯುವುದರಿಂದ ಮರದ ಎಳೆಗಳು ಆ ತಿರುವಿನಲ್ಲಿ ಅಡ್ಡಡ್ಡ ಕತ್ತರಿಸಿಹೋಗುತ್ತವೆ. ಸಾಲದ್ದಕ್ಕೆ ಕತ್ತಿನೊಳಗಿನ ಉಕ್ಕಿನ ಸರಳಿನ, ಅಂದರೆ ಟ್ರಸ್ ರಾಡಿನ ತಿರುಪಿಗಾಗಿ ಅಲ್ಲಿಯೇ ಒಂದು ಗುಂಡಿ ತೋಡಿರುತ್ತಾರೆ. ಉಳಿಯುವ ಮರ ತೀರಾ ತೆಳು. ಆರು ತಂತಿಗಳು ಸೇರಿ ನಲವತ್ತು ಕಿಲೋಗೂ ಹೆಚ್ಚಿನ ಬಲದಿಂದ ಆ ಜಾಗವನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ತಲೆ ವಾಲಿಲ್ಲ, ಕತ್ತಿಗೆ ಬಳಸುವುದು ಗಟ್ಟಿ ಮೇಪಲ್ ಮರ. ಹಾಗಾಗಿ ಅದು ಬಿದ್ದರೂ ಸಾಮಾನ್ಯವಾಗಿ ಅಲ್ಲಿ ಮುರಿಯುವುದಿಲ್ಲ.

ಕತ್ತಿಗೆ ಪಾರದರ್ಶಕ ಬಣ್ಣವಿದ್ದರೆ ಮರದ ಎಳೆ ಕಾಣುತ್ತದೆ, ಬಿರುಕಿದ್ದರೆ ಅದೂ ಕಾಣುತ್ತದೆ. ನನ್ನದು ಅಪ್ಪಟ ಕಪ್ಪು. ಫೋಟೋದಲ್ಲಿ ಪತ್ತೆಯಾಗುವ ಸಾಧ್ಯತೆಯೇ ಇರಲಿಲ್ಲ.

ಸಂಶಯ ಬಂದದ್ದು ಶ್ರುತಿಯಿಂದ. ಸಂಜೆ ಶ್ರುತಿ ಮಾಡಿಟ್ಟ ಗಿಟಾರ್ ಬೆಳಗಾಗುವಷ್ಟರಲ್ಲಿ ಇಳಿದಿರುತ್ತಿತ್ತು. ಹೊಸ ತಂತಿ ಎಳೆದುಕೊಳ್ಳುವುದು, ತಲೆಯ ಮೇಲಿನ ಶ್ರುತಿಯ ಕೀಲಿ ಸಡಿಲವಾಗಿರುವುದು, ತಂತಿ ನಟ್‌ನಲ್ಲಿ (ಕತ್ತು-ತಲೆ ಸೇರುವಲ್ಲಿ ತಂತಿಗಳು ಹಾದುಹೋಗುವ ಗೀರುಗಳಿರುವ ಪಟ್ಟಿ) ಸಿಕ್ಕಿಕೊಳ್ಳುವುದು ಎಲ್ಲವೂ ಮಾಮೂಲಿ ಕಾರಣಗಳು. ಆದರೆ ಹಾಗಿದ್ದರೆ ಒಂದೊಂದು ತಂತಿ ಒಂದೊಂದು ರೀತಿ ತಪ್ಪುತ್ತದೆ. ಇಲ್ಲಿ ಆರೂ ಒಟ್ಟಿಗೆ ತಗ್ಗುತ್ತಿದ್ದವು. ಆರೂ ತಂತಿಗಳು ಒಟ್ಟಾಗಿ ಇಳಿಯುತ್ತಿವೆ ಎಂದರೆ ಅವುಗಳನ್ನು ಹಿಡಿದಿರುವ ಮರವೇ ಜರುಗುತ್ತಿರಬಹುದು. ತಂತಿಗಳು ತಲೆಯನ್ನು ಮುಂದಕ್ಕೆ ಎಳೆದಾಗ ಹಿಂಬದಿಯ ಬಿರುಕು ಕೂದಲೆಳೆಯಷ್ಟು ತೆರೆದುಕೊಳ್ಳುತ್ತದೆ, ಎಳೆತ ಸಡಿಲವಾಗುತ್ತದೆ, ಶ್ರುತಿ ಇಳಿಯುತ್ತದೆ.

ನೋಟಿನ ಅಸಲಿತನ ನೋಡಲು ಅಂಗಡಿಯವರು ಬಳಸುವ ನೇರಳಾತೀತ ಟಾರ್ಚ್ ಇಂಥಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಕತ್ತಲೆ ಕೋಣೆಯಲ್ಲಿ ಅದರ ಬೆಳಕು ಬಿಟ್ಟಾಗ ಕತ್ತಿನ ಉದ್ದಕ್ಕೂ ಒಂದು ಬಗೆಯ ಕಪ್ಪು, ನಟ್‌ನ ಹಿಂದೆ ಇನ್ನೊಂದು ಬಗೆಯ ಕಪ್ಪು ಕಂಡಿತು. ನಡುವಿನ ಗಡಿ ಸ್ಪಷ್ಟವಾಗಿತ್ತು. ಆಮೇಲೆ ಹತ್ತಿಯ ಕಡ್ಡಿಗೆ ಒಂದು ಹನಿ ಅಸಿಟೋನ್ ಹಾಕಿ ಎರಡೂ ಕಡೆ ಉಜ್ಜಿದೆ. ಕಾರ್ಖಾನೆಯ ಗಟ್ಟಿ ಬಣ್ಣದ ಮೇಲೆ ಹತ್ತಿ ಬಿಳಿಯಾಗಿಯೇ ಉಳಿಯಿತು. ನಟ್‌ನ ಹಿಂದೆ ಅದ್ದಿ ತೆಗೆದಂತೆ ಕಪ್ಪಾಯಿತು. ಡಬ್ಬಿಯ ಸ್ಪ್ರೇ ಬಣ್ಣ! ಟ್ರಸ್ ರಾಡಿನ ಪ್ಲಾಸ್ಟಿಕ್ ಮುಚ್ಚಳದ ಎರಡು ತಿರುಪು ಬಿಚ್ಚಿ ಒಳಗೆ ಟಾರ್ಚ್ ಹಿಡಿದರೆ ಗುಂಡಿಯ ಗೋಡೆಯ ಮೇಲೆ ಗಾಜಿನ ಹನಿಯಂತೆ ಹೊಳೆಯುವ ಗಟ್ಟಿ ಅಂಟು. ಕ್ಷಣದಲ್ಲಿ ಹಿಡಿಯುವ, ಚಿಕ್ಕ ಟ್ಯೂಬಿನಲ್ಲಿ ಸಿಗುವ ಅಂಟು ಅದು. ಮುಚ್ಚಿದವರು ಹೊರಗೆಲ್ಲ ನಯ ಮಾಡಿದ್ದರು, ಈ ಗುಂಡಿಯನ್ನು ಮಾತ್ರ ಮರೆತಿದ್ದರು. ಹಳೆಯ ಗಿಟಾರಿನ ಚರಿತ್ರೆ ಓದಬೇಕೆಂದರೆ ಮೊದಲು ಬಿಚ್ಚಬೇಕಾದದ್ದು ಈ ಮುಚ್ಚಳವನ್ನೇ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ತಮಗೆ ಗೊತ್ತಿರಲಿಲ್ಲ, ತಾವೂ ಇನ್ನೊಬ್ಬರಿಂದ ಕೊಂಡದ್ದು ಎಂದರು. ಅದನ್ನು ನಂಬಿದೆ. ಗಿಟಾರ್ ವಾಪಸ್ ಕಳಿಸಿದರೆ ಅದೇ ಬಣ್ಣದ ಮರೆಯಲ್ಲಿ ಇನ್ನೊಬ್ಬರ ಮನೆ ಸೇರುತ್ತಿತ್ತು. ಅದು ನನಗೆ ಬೇಡವಾಗಿತ್ತು. 5,000 ರೂಪಾಯಿ ಹಿಂದಿರುಗಿಸಲು ಒಪ್ಪಿದರು, ನಾನೇ ಇಟ್ಟುಕೊಂಡೆ.

ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಕೆಲಸ ಮಾಡುವ ಆಚಾರ್ಯರೊಬ್ಬರ ಪರಿಚಯ ನನಗಿದೆ. ಗಿಟಾರ್ ಅವರ ಕ್ಷೇತ್ರವಲ್ಲ, ಮರ ಅವರ ಕ್ಷೇತ್ರ. ಅವರು ಮೊದಲು ಹೆಬ್ಬೆರಳಿನಿಂದ ಸವರಿದ್ದು ಫ್ರೆಟ್‌ಬೋರ್ಡನ್ನು, ಅಂದರೆ ಕತ್ತಿನ ಮುಂಬದಿಯಲ್ಲಿ ಬೆರಳೊತ್ತಿ ನುಡಿಸುವ ಪಟ್ಟಿಯನ್ನು.

"ಇದು ನಮ್ಮ ಬೀಟೆ ಅಲ್ಲವೇ ಸ್ವಾಮಿ?"

"ಹೌದು ಆಚಾರ್ಯರೇ, ಪ್ರಪಂಚದ ಎಷ್ಟೋ ಗಿಟಾರುಗಳಿಗೆ ಇದೇ ಮರ ಹೋಗುತ್ತದೆ."

ಅವರ ಮುಖದಲ್ಲಿ ಕಂಡ ಸಂತೋಷ ನನಗೂ ತಗುಲಿತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಮರ ಮತ್ತು ಅದರ ಇಡೀ ಕುಲ 2017ರಲ್ಲಿ ಅಪಾಯದಲ್ಲಿರುವ ಸಸ್ಯ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿದಾಗ ಗಿಟಾರ್ ತಯಾರಕರು ಪರದಾಡಿದ್ದರು. ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರಲ್ಲಿ.

ಬಿರುಕನ್ನು ನೋಡಿದ ಮೇಲೆ ಆಚಾರ್ಯರು ಹೇಳಿದ್ದು ಇಷ್ಟು: "ಹೊಸದಾಗಿ ಮುರಿದಿದ್ದರೆ ಒಂದು ಗಳಿಗೆಯ ಕೆಲಸ. ಮರ ಮರವನ್ನು ಹಿಡಿಯಬೇಕು. ಇಲ್ಲಿ ನಡುವೆ ಗಾಜು ಕೂತಿದೆ. ಮೊದಲು ಅದನ್ನು ತೆಗೆಯಿರಿ."

ತೆಗೆಯುವುದೇ ನಿಜವಾದ ಕೆಲಸವಾಯಿತು. ತಂತಿ, ಕೀಲಿ ಎಲ್ಲ ಬಿಚ್ಚಿಟ್ಟು, ಕತ್ತಿನ ಅಂಚಿನ ಪ್ಲಾಸ್ಟಿಕ್ ಪಟ್ಟಿಗೆ ಎರಡು ಪದರ ಟೇಪ್ ಹಚ್ಚಿದೆ. ಅಸಿಟೋನ್ ತಗುಲಿದರೆ ಆ ಪಟ್ಟಿ ಕರಗಿಹೋಗುತ್ತದೆ. ಸ್ಪ್ರೇ ಬಣ್ಣವನ್ನು ಒರೆಸಿ, ಉಳಿದದ್ದನ್ನು ಬ್ಲೇಡಿನ ಅಂಚಿನಿಂದ ಕೆರೆದಾಗ ಬಿರುಕು ಪೂರ್ತಿಯಾಗಿ ಹೊರಬಂತು. ಸುಮಾರು ಏಳು ಸೆಂಟಿಮೀಟರ್ ಉದ್ದ, ಎಳೆಗಳ ಜೊತೆಯಲ್ಲೇ ಓರೆಯಾಗಿ ಸಾಗಿತ್ತು. ಇದು ಒಳ್ಳೆಯ ಸುದ್ದಿ. ಓರೆಯಾದ ಉದ್ದನೆಯ ಬಿರುಕಿನಲ್ಲಿ ಅಂಟು ಹಿಡಿಯಲು ಜಾಗ ಹೆಚ್ಚು. ಅಡ್ಡಕ್ಕೆ ಮೊಟಕಾಗಿ ಮುರಿದಿದ್ದರೆ, ಅಥವಾ ಮರದ ಚೂರುಗಳು ಕಳೆದುಹೋಗಿದ್ದರೆ ಹಿಂಬದಿಯಲ್ಲಿ ಎರಡು ಉದ್ದನೆಯ ತೋಡು ಕೊರೆದು ಗಟ್ಟಿ ಮರದ ಪಟ್ಟಿ ಕೂರಿಸಬೇಕಾಗುತ್ತದೆ. ಅದು ಮರ ಕೊರೆಯುವ ರೂಟರ್ ಯಂತ್ರವನ್ನು ಪಳಗಿಸಿಕೊಂಡವರ ಕೆಲಸ.

ಅಸಿಟೋನನ್ನು ತೆಳು ಸೂಜಿಯ ಸಿರಿಂಜಿನಿಂದ ಬಿರುಕಿಗೆ ಹನಿ ಹನಿಯಾಗಿ ಬಿಡುತ್ತಾ, ತಲೆಯನ್ನು ಹಿಂದಿನಿಂದ ಮೆಲ್ಲಗೆ ಮುಂದಕ್ಕೆ ಒತ್ತಿ ಬಾಯಿ ತೆರೆಸಿದೆ. ಕಿಟಕಿಗಳೆಲ್ಲ ತೆರೆದಿರಬೇಕು, ಹತ್ತಿರದಲ್ಲಿ ಬೆಂಕಿ ಇರಲೇಕೂಡದು. ಒಳಗೆ ಬ್ರಷ್ ಹೋಗುವುದಿಲ್ಲ, ಉಪ್ಪುಕಾಗದವೂ ಹೋಗುವುದಿಲ್ಲ. ಕೊನೆಗೆ ಒದಗಿದ್ದು ಬಿಚ್ಚಿಟ್ಟ ಅತಿ ತೆಳುವಾದ ತಂತಿ. ಕಾಲು ಮಿಲಿಮೀಟರ್ ದಪ್ಪದ ಆ ಉಕ್ಕಿನ ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿರುಕಿನೊಳಗೆ ಮೆಲ್ಲಗೆ ಎಳೆದಾಡಿದಾಗ ಮೆತ್ತಗಾದ ಅಂಟು ಬಿಳಿಯ ಸಿಪ್ಪೆಯಾಗಿ ಹೊರಬರುತ್ತಿತ್ತು. ಒರೆಸು, ಹನಿ ಬಿಡು, ಕಾಯಿ, ಎಳೆ. ಮರದ ತುಕ್ಕುಗೆಂಪು ಬಣ್ಣ ಕಾಣುವವರೆಗೆ ಇದೇ ಕೆಲಸ. ತಲೆಯನ್ನು ಪೂರ್ತಿ ಮುರಿದು ಬೇರ್ಪಡಿಸಿದ್ದರೆ ಬೇಗ ಆಗುತ್ತಿತ್ತು. ಆದರೆ ಇನ್ನೂ ಹಿಡಿದಿರುವ ಎಳೆಗಳೇ ಎರಡೂ ಭಾಗಗಳನ್ನು ತಮ್ಮ ಜಾಗದಲ್ಲಿ ಕೂರಿಸುತ್ತವೆ, ಅವನ್ನು ಕಡಿಯಲು ನನಗೆ ಮನಸ್ಸಾಗಲಿಲ್ಲ.

ಅಂಟಿನ ಆಯ್ಕೆಯಲ್ಲಿ ರಾಜಿ ಬೇಡ. ಮನೆಯಲ್ಲಿ ಬಳಸುವ ಬಿಳಿ ಅಂಟು ಕುರ್ಚಿ ಮೇಜಿಗೆ ಸರಿ, ಸದಾ ಎಳೆಯುವ ತಂತಿಗಳ ಬಲಕ್ಕೆ ಅದು ನಿಧಾನವಾಗಿ ಜರುಗುತ್ತದೆ. ಎಪಾಕ್ಸಿ ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಮುಂದೆ ಯಾರಾದರೂ ಬಿಚ್ಚಬೇಕಾದರೆ ಶಾಪ ಹಾಕುತ್ತಾರೆ. ನಾನು ಬಳಸಿದ್ದು ಟೈಟ್‌ಬಾಂಡ್ ಒರಿಜಿನಲ್ ಎಂಬ ಹಳದಿ ಅಂಟು. ಗಟ್ಟಿಯಾಗಿ ಒಣಗುತ್ತದೆ, ಕಾವು ಕೊಟ್ಟರೆ ಸಡಿಲವಾಗುತ್ತದೆ. ಅಂಟು ಹಚ್ಚುವ ಮೊದಲು ಟ್ರಸ್ ರಾಡಿನ ತಿರುಪಿಗೆ ಮೇಣ ಸವರಿದೆ. ಒಳಗೆ ಹರಿದ ಅಂಟು ತಿರುಪಿಗೆ ಅಂಟಿದರೆ ಆಮೇಲೆ ಕತ್ತಿನ ಬಾಗು ಸರಿಮಾಡುವ ದಾರಿಯೇ ಮುಚ್ಚುತ್ತದೆ. ಕತ್ತಿನ ಹಿಂಭಾಗ ದುಂಡಗಿರುವುದರಿಂದ ಬಿಗಿದು ಹಿಡಿಯುವ ಚಪ್ಪಟೆ ಕ್ಲಾಂಪ್ ಜಾರುತ್ತದೆ. ಆಚಾರ್ಯರು ಅದೇ ಬಾಗಿಗೆ ಒಂದು ಮರದ ತುಂಡನ್ನು ತೋಡಿ ಕೊಟ್ಟರು. ಅದಕ್ಕೆ ಪ್ಲಾಸ್ಟಿಕ್ ಟೇಪ್ ಸುತ್ತಿ, ಅಂಟಿಲ್ಲದೆ ಒಮ್ಮೆ ಕ್ಲಾಂಪುಗಳನ್ನೆಲ್ಲ ಕೂರಿಸಿ ನೋಡಿದೆ. ಹಳದಿ ಅಂಟು ಕೈಗೆ ಹೆಚ್ಚು ಹೊತ್ತು ಕೊಡುವುದಿಲ್ಲ, ಆಗ ಕ್ಲಾಂಪ್ ಹುಡುಕುತ್ತಾ ಕೂರಲಾಗದು. ಅಂಟನ್ನು ಸಿರಿಂಜಿನಿಂದ ಬಿಟ್ಟು, ತಲೆಯನ್ನು ಮೆಲ್ಲಗೆ ಅಲುಗಿಸಿ ಆಳಕ್ಕೆ ಹೀರಿಸಿ, ಬಿಗಿದಾಗ ಬಿರುಕಿನ ಉದ್ದಕ್ಕೂ ಸಾಸಿವೆ ಗಾತ್ರದ ಹನಿಗಳು ಸಾಲಾಗಿ ಹೊರಬಂದವು. ಎಲ್ಲಿಯೂ ಸಾಲು ತುಂಡಾಗಿರಲಿಲ್ಲ ಎಂದರೆ ಅಂಟು ಎಲ್ಲ ಕಡೆ ತಲುಪಿದೆ ಎಂದು ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟೆ. 24 ಗಂಟೆ ಕ್ಲಾಂಪ್ ಇರಲೇಬೇಕು. ಮಳೆಗಾಲವಾದ್ದರಿಂದ ಇನ್ನೂ ಹೆಚ್ಚು ಹೊತ್ತು ಬಿಟ್ಟು, ತಂತಿ ಕಟ್ಟಲು ಒಂದು ವಾರ ಕಾದೆ.

ಆ ಜಾಗಕ್ಕೆ ಮತ್ತೆ ಕಪ್ಪು ಬಣ್ಣ ಹಚ್ಚಲಿಲ್ಲ. ಸ್ಪಿರಿಟಿನಲ್ಲಿ ಕರಗಿಸಿದ ಅರಗಿನ ಪಾಲಿಷನ್ನು ಬಟ್ಟೆಯ ಉಂಡೆಯಿಂದ ತೆಳುವಾಗಿ ಹಲವು ಸಲ ಎಳೆದೆ, ಅಷ್ಟೇ. ಅಂಟಿನ ಗೆರೆ ಬರಿಗಣ್ಣಿಗೆ ಕಾಣುತ್ತದೆ. ಕಾಣಬೇಕು ಎಂಬುದೇ ನನ್ನ ಉದ್ದೇಶ.

ಇನ್ನೊಂದು ದೋಷ ಪಿಕಪ್‌ನಲ್ಲಿ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದಲ್ಲಿತ್ತು. ಕತ್ತಿನ ಕಡೆಯ ಪಿಕಪ್ ಸೊರಗಿದ ದನಿಯಲ್ಲಿ ನುಡಿಯುತ್ತಿತ್ತು, ಜೊತೆಗೆ ಕರೆಂಟಿನ ಗುಂಯ್‌ಗುಡುವಿಕೆ. 1955ರಲ್ಲಿ ಗಿಬ್ಸನ್‌ನ ಇಂಜಿನಿಯರ್ ಸೇಥ್ ಲವರ್ ಪೇಟೆಂಟಿಗೆ ಅರ್ಜಿ ಹಾಕಿದ ಹಂಬಕರ್ ಪಿಕಪ್ಪಿನಲ್ಲಿ ಎರಡು ಸುರುಳಿಗಳಿದ್ದು, ಒಂದು ಹಿಡಿದ ಗುಂಯ್‌ಗುಡುವಿಕೆಯನ್ನು ಇನ್ನೊಂದು ಅಳಿಸುತ್ತದೆ. ಗುಂಯ್ ಎನ್ನುತ್ತಿದೆ ಎಂದರೆ ಒಂದೇ ಸುರುಳಿ ಕೆಲಸ ಮಾಡುತ್ತಿದೆ. ಮಲ್ಟಿಮೀಟರ್ ಅದನ್ನೇ ಹೇಳಿತು: ದೇಹದ ಮೇಲೆ ತಂತಿಗಳನ್ನು ಹೊರುವ ಬ್ರಿಜ್ ಕಡೆಯ ಪಿಕಪ್ 8 ಕಿಲೋ ಓಮ್ ರೋಧ ತೋರಿಸಿದರೆ ಇದು 4ರ ಆಸುಪಾಸು. ಬಿಚ್ಚಿ ನೋಡಿದಾಗ ಎರಡು ಸುರುಳಿಗಳನ್ನು ಸೇರಿಸುವ ಬೆಸುಗೆಯ ಮೇಲಿನ ಟೇಪ್ ಹರಿದು, ತಂತಿ ತಳದ ಲೋಹಕ್ಕೆ ತಾಗುತ್ತಿತ್ತು. ಸುರುಳಿಯ ತಾಮ್ರ ಕೂದಲಿಗಿಂತ ದಪ್ಪವಿರುವುದಿಲ್ಲ, ಅದನ್ನು ಮುಟ್ಟದೆ ಬೆಸುಗೆಯನ್ನು ಎತ್ತಿ, ಶಾಖಕ್ಕೆ ಕುಗ್ಗುವ ತೆಳು ಕೊಳವೆ ಹೊದಿಸಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಕೊಳವೆ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಗರಗರ ಎನ್ನುತ್ತಿದ್ದ ವಾಲ್ಯೂಮ್ ಗುಂಡಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಾಕಾಯಿತು.

ಈಗ ಕೊಳ್ಳುವ ಮುನ್ನ ನಾನು ಕೇಳುವ ಫೋಟೋಗಳೇ ಬೇರೆ. ನಟ್‌ನ ಹಿಂಭಾಗದ ಮೇಲೆ ಓರೆಯಾಗಿ ಕಿಟಕಿಯ ಬೆಳಕು ಬಿದ್ದಿರಬೇಕು. ಟ್ರಸ್ ರಾಡಿನ ಮುಚ್ಚಳ ತೆಗೆದ ಗುಂಡಿಯ ಚಿತ್ರ ಬೇಕು, ಎರಡೂ ಪಕ್ಕಗಳಿಂದ ತಲೆಯ ಚಿತ್ರ ಬೇಕು. ಕೊಡಲು ಹಿಂಜರಿದರೆ ಅಲ್ಲಿಗೇ ಬಿಡುತ್ತೇನೆ. ಕೊರಿಯರಿನಲ್ಲಿ ಕಳಿಸುವವರಿಗೆ ತಂತಿ ಸಡಿಲಿಸಿ, ಕತ್ತಿನ ಕೆಳಗೆ ಆಸರೆ ಕೊಟ್ಟು, ತಲೆಯ ಸುತ್ತಲಿನ ಖಾಲಿ ಜಾಗವನ್ನೆಲ್ಲ ಬಟ್ಟೆಯಿಂದ ತುಂಬಲು ಹೇಳುತ್ತೇನೆ. ಪೆಟ್ಟಿಗೆ ಬೆನ್ನಡಿಯಾಗಿ ಬಿದ್ದಾಗ ದೇಹ ಅಲ್ಲೇ ನಿಲ್ಲುತ್ತದೆ, ಭಾರವಾದ ಕೀಲಿಗಳನ್ನು ಹೊತ್ತ ತಲೆ ಮಾತ್ರ ಮುಂದುವರಿಯುತ್ತದೆ. ಎಷ್ಟೋ ಕತ್ತುಗಳು ದಾರಿಯಲ್ಲಿ ಮುರಿಯುವುದು ಹೀಗೆಯೇ.

ನನ್ನ ಗಿಟಾರಿಗೆ 10ರಿಂದ 46ರ (ಇಂಚಿನ ಸಾವಿರದ ಭಾಗದ ಲೆಕ್ಕದ ದಪ್ಪ) ತಂತಿ ಕಟ್ಟಿ, ಕತ್ತಿನ ಮೇಲಿನ ಹನ್ನೆರಡನೆಯ ಲೋಹದ ಗೆರೆಯ, ಅಂದರೆ ಫ್ರೆಟ್‌ನ ಮೇಲೆ ತಂತಿಯ ಎತ್ತರವನ್ನು ಎರಡು ಮಿಲಿಮೀಟರಿನೊಳಗೆ ತಂದಿದ್ದೇನೆ. ಬಿರುಕಿನ ಎರಡೂ ದಡಗಳನ್ನು ದಾಟುವಂತೆ ಪೆನ್ಸಿಲಿನಲ್ಲಿ ಒಂದು ಸಣ್ಣ ಅಡ್ಡಗೆರೆ ಎಳೆದಿದ್ದೆ. ಮರ ಜರುಗಿದರೆ ಆ ಗೆರೆ ಮುರಿದು ಎರಡಾಗಬೇಕು. ಮಳೆಗಾಲ ಕಳೆದು ಬೇಸಿಗೆ ಬಂದ ಮೇಲೂ ಅದು ಒಂದೇ ಗೆರೆಯಾಗಿದೆ. ಆರೂ ತಂತಿಗಳು ರಾತ್ರಿ ಇಟ್ಟ ಶ್ರುತಿಯಲ್ಲೇ ಬೆಳಿಗ್ಗೆ ಸಿಗುತ್ತವೆ.