ಕಿವಿಯವರೆಗೆ ಏರಿದ ಕೈ

ಹದಿಹರೆಯದವರಿಗಾಗಿ ಕಾದಂಬರಿ ಬರೆಯಲು ಕುಳಿತಾಗ ನನ್ನ ನಾಯಕಿಯನ್ನು ನಾಲ್ಕು ಸಲ ಕನ್ನಡಿಯ ಮುಂದೆ ನಿಲ್ಲಿಸಿದ್ದೆ. ನಾಲ್ಕು ಸಲವೂ ಅವಳು ‘ನಾನು ಯಾರು?’ ಎಂದು ಕೇಳಿಕೊಂಡಳು. ಹಸ್ತಪ್ರತಿ ಓದಿದ ಹದಿನಾಲ್ಕರ ಸೋದರ ಸೊಸೆ, “ಅತ್ತೆ, ಇದನ್ನು ಅವಳು ಕೇಳುತ್ತಿಲ್ಲ, ನೀವು ಕೇಳುತ್ತಿದ್ದೀರಿ” ಎಂದಳು. ಕೋಪ ಬಂತು. ಎರಡು ದಿನ ಬಿಟ್ಟು ನಾಲ್ಕೂ ಕನ್ನಡಿಗಳನ್ನು ಒಡೆದೆ.

ಹದಿಹರೆಯದವರಿಗೆ ತಮ್ಮ ಮೇಲೆಯೇ ಇರುವ ಅನುಮಾನವನ್ನು ಕಥೆಯಲ್ಲಿ ತೋರಿಸಬೇಕೆಂದರೆ ಮೊದಲ ಕೆಲಸ: ‘ಕೀಳರಿಮೆ’, ‘ಆತ್ಮವಿಶ್ವಾಸ’, ‘ಅಸ್ತಿತ್ವ’ ಮುಂತಾದ ಪದಗಳನ್ನು ಹುಡುಕಿ ಅಳಿಸಿ. ಆ ಜಾಗದಲ್ಲಿ ಕೈಕಾಲುಗಳು ಏನು ಮಾಡಿದವು ಎಂದು ಬರೆಯಿರಿ. ನನ್ನ ಹುಡುಗಿಗೆ ತರಗತಿಯಲ್ಲಿ ಉತ್ತರ ಗೊತ್ತಿದೆ. ಕೈ ಕಿವಿಯವರೆಗೆ ಏರುತ್ತದೆ. ಅಲ್ಲಿ ಅಳುಕಿ, ತಲೆ ಕೆರೆದುಕೊಳ್ಳಲೆಂದೇ ಎತ್ತಿದಂತೆ ಕೂದಲೊಳಗೆ ಸೇರಿಕೊಳ್ಳುತ್ತದೆ. ಪಕ್ಕದವಳು ಅದೇ ಉತ್ತರ ಹೇಳಿ ಶಹಬ್ಬಾಸ್ ಎನಿಸಿಕೊಳ್ಳುತ್ತಾಳೆ. ಇವಳು ಇನ್ನೂ ಕೆರೆಯುತ್ತಲೇ ಇದ್ದಾಳೆ. ತುರಿಕೆ ನಿಜವೆಂದು ಯಾರಿಗೋ ನಂಬಿಸಬೇಕಲ್ಲ!

ಆ ‘ಯಾರೋ’ ಬಹಳ ಮುಖ್ಯ. ಹದಿಹರೆಯದವರು ಕಲ್ಪಿತ ಪ್ರೇಕ್ಷಕರ ಮುಂದೆ ಬದುಕುತ್ತಾರೆ ಎಂದು ಮನೋವಿಜ್ಞಾನಿ ಡೇವಿಡ್ ಎಲ್ಕಿಂಡ್ 1967ರಲ್ಲೇ ಬರೆದರು. ಇನ್ನೊಬ್ಬ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೂ ನಮಗೆ ಒದಗುತ್ತದೆ. ಮುಜುಗರದ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಕೋಣೆಗೆ ಹೋದ ಕಾಲೇಜು ವಿದ್ಯಾರ್ಥಿಗಳು, ಒಳಗಿದ್ದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಅದನ್ನು ಗುರುತಿಸಿದರೆಂದುಕೊಂಡರು. ನಿಜವಾಗಿ ಗುರುತಿಸಿದವರು ಸುಮಾರು ಕಾಲು ಭಾಗ. ಕಥೆ ಇರುವುದೇ ಈ ಅರ್ಧಕ್ಕೂ ಕಾಲಿಗೂ ನಡುವೆ. ಇಡೀ ತರಗತಿ ತನ್ನನ್ನೇ ನೋಡುತ್ತಿದೆ ಎಂದು ಹುಡುಗಿ ಹೇಳಲಿ. ಹಿಂದಿನ ಬೆಂಚಿನವನು ಪೆನ್ನು ಬಿಚ್ಚಿ, ಜಾರಿಬಿದ್ದ ಸ್ಪ್ರಿಂಗ್ ಹುಡುಕುತ್ತಿರುವುದು ಓದುಗರಿಗೆ ಕಾಣಲಿ. ಹಾಗೆಂದು ಅವಳನ್ನು ನೋಡಿ ನಗಬೇಡಿ. ಅವಳ ಬೆವರು ನಿಜವಾದದ್ದೇ.

ಬುದ್ಧಿ ಹೇಳುವ ಅಜ್ಜ, ಮೇಷ್ಟ್ರು ಇದ್ದರೆ ಇರಲಿ. ಕೊನೆಯ ಅಧ್ಯಾಯದೊಳಕ್ಕೆ ಮಾತ್ರ ಬಿಟ್ಟುಕೊಳ್ಳಬೇಡಿ.

ತನ್ನನ್ನು ತಾನು ಕಂಡುಕೊಳ್ಳುವ ಘಟ್ಟ ಅನುಮಾನಕ್ಕಿಂತ ಚಿಕ್ಕದಾಗಿರಬೇಕು ಎನ್ನುವುದು ನನ್ನ ಹಟ. ಮೊದಲ ಕರಡಿನಲ್ಲಿ ಹುಡುಗಿಗೆ ಭಾಷಣ ಸ್ಪರ್ಧೆಯ ಬಹುಮಾನ ಕೊಡಿಸಿದ್ದೆ. ಆ ಹದಿನೇಳು ಪುಟಗಳನ್ನು ಹರಿದೆ. ಈಗ ಅವಳು ತಪ್ಪು ಉತ್ತರ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ಕಿವಿ ಸುಡುತ್ತದೆ. ಮರುದಿನ ಇನ್ನೊಂದು ಪ್ರಶ್ನೆಗೆ, ಉತ್ತರ ಪೂರ್ತಿ ಖಚಿತವಿಲ್ಲದಿದ್ದರೂ ಕೈ ಏರುತ್ತದೆ, ಕಿವಿ ದಾಟುತ್ತದೆ. ಅಲ್ಲಿಗೆ ನಿಲ್ಲಿಸಿದ್ದೇನೆ. ಮೇಷ್ಟ್ರು ಅವಳನ್ನು ಕೇಳಿದರೋ ಇಲ್ಲವೋ ಎಂದು ಸೋದರ ಸೊಸೆ ಇನ್ನೂ ಪೀಡಿಸುತ್ತಿದ್ದಾಳೆ.