ಹಡೂಪ್ ಕ್ಲಸ್ಟರ್‌ಗೆ ಹೆಚ್ಚು ಡಿಸ್ಕ್ ಜೋಡಿಸುವುದು ಹೇಗೆ?

ದೊಡ್ಡ ಡೇಟಾವನ್ನು ಹಲವು ಕಂಪ್ಯೂಟರ್‌ಗಳ ಗುಂಪಿನಲ್ಲಿ (ಕ್ಲಸ್ಟರ್) ಹಂಚಿಡುವ ತಂತ್ರಾಂಶವೇ ಹಡೂಪ್. ಅದನ್ನು ಕಲಿಯಲು ಬೆಂಗಳೂರಿನ ಡೇಟಾ ಸೆಂಟರೇ ಬೇಕೆಂದಿಲ್ಲ. ರಾಯಚೂರಿನ ಕಾಲೇಜು ಲ್ಯಾಬಿನಲ್ಲಿ ನಾಲ್ಕು ಹಳೇ ಕಂಪ್ಯೂಟರ್, ಒಂದೊಂದಕ್ಕೆ ಮೂರು ಹಾರ್ಡ್ ಡಿಸ್ಕ್ ಇದ್ದರೂ ಸಾಕು. ಒಂದು ಡಿಸ್ಕ್ ಸಿಸ್ಟಮ್‌ಗೆ, ಉಳಿದ ಎರಡು ಡೇಟಾಕ್ಕೆ.

ಮೊದಲು ಪಾರ್ಟಿಷನ್. ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ ಹಡೂಪ್‌ಗೆ ಕೊಟ್ಟರೆ ವೇಗ ಹೆಚ್ಚುವುದಿಲ್ಲ. ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಯಲ್ಲಿ ಒಬ್ಬನೇ ಹಮಾಲಿಗೆ ಎರಡು ಗೋದಾಮು ವಹಿಸಿದಂತೆ, ಸುಮ್ನೆ ಓಡಾಟ ಜಾಸ್ತಿ. ಡಿಸ್ಕ್ ಕೆಟ್ಟರೆ ಎರಡೂ ಭಾಗ ಹೋಗುತ್ತವೆ. ಹಾಗಾಗಿ ಡಿಸ್ಕಿಗೊಂದೇ ಪಾರ್ಟಿಷನ್. ಹಲವು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸುವ ರೇಡ್ ಕೂಡ ಬೇಡ. ಫೈಲನ್ನು ತುಂಡು ಮಾಡಿದ ಪ್ರತಿ ಬ್ಲಾಕಿನ ಮೂರು ಪ್ರತಿಗಳನ್ನು ಹಡೂಪ್ ತಾನೇ ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ.

ಪಾರ್ಟಿಷನ್ನನ್ನು ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಾಗಿ ಫಾರ್ಮ್ಯಾಟ್ ಮಾಡಿ. ಅದು ರೂಟ್‌ಗೆಂದು (ಲಿನಕ್ಸ್‌ನ ಮುಖ್ಯ ಬಳಕೆದಾರ) 5% ಜಾಗ ಎತ್ತಿಡುತ್ತದೆ. 1 ಟಿಬಿ ಡಿಸ್ಕಿನಲ್ಲಿ ಅದೇ 50 ಜಿಬಿ! ಡೇಟಾ ಡಿಸ್ಕಿಗೆ 1% ಸಾಕು. ಬೂಟ್ ಆಗುವಾಗ ಯಾವ ಡಿಸ್ಕ್ ಯಾವ ಫೋಲ್ಡರ್‌ಗೆ ಜೋಡಣೆಯಾಗಬೇಕು (ಮೌಂಟ್) ಎಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳನ್ನು ನಂಬಬೇಡಿ, ಕೇಬಲ್ ಅದಲುಬದಲಾದರೆ ಅವೂ ಬದಲಾಗಬಹುದು. ಪಾರ್ಟಿಷನ್ನಿನ ಬದಲಾಗದ ಗುರುತು ಯುಯುಐಡಿ, ಅದನ್ನು ಬರೆಯಿರಿ. ಜೊತೆಗೆ ನೋಎಟೈಮ್ (ಫೈಲ್ ಓದಿದ ಸಮಯ ಬರೆದಿಡದಿರಲು), ನೋಫೇಲ್ ಎಂಬ ಆಯ್ಕೆಗಳನ್ನು ಸೇರಿಸಿ.

ನೋಫೇಲ್ ಇದ್ದರೆ ಒಂದು ಡಿಸ್ಕ್ ಕೈಕೊಟ್ಟರೂ ಯಂತ್ರ ಬೂಟ್ ಆಗುತ್ತದೆ. ಆದರೆ ಅಲ್ಲೇ ಒಂದು ಅಪಾಯವೂ ಇದೆ. ಕರೆಂಟ್ ಹೋಗಿ ಬಂತು, ಡಿಸ್ಕ್ ಮೌಂಟ್ ಆಗಲಿಲ್ಲ ಅನ್ನಿ. ಮೌಂಟ್ ಮಾಡಬೇಕಿದ್ದ ಫೋಲ್ಡರ್ ಮಾತ್ರ ಖಾಲಿ ಇದ್ದೇ ಇರುತ್ತದೆ. ಡೇಟಾನೋಡ್‌ಗೆ (ಪ್ರತಿ ಯಂತ್ರದಲ್ಲಿ ಡೇಟಾ ಇಡುವ ಹಡೂಪ್ ಭಾಗ) ಅಲ್ಲಿ ಬರೆಯುವ ಅನುಮತಿ ಇದ್ದರೆ ಅದು ಬರೆಯುತ್ತಲೇ ಹೋಗುತ್ತದೆ, ತುಂಬುವುದು ಸಿಸ್ಟಮ್ ಡಿಸ್ಕ್! ಉಪಾಯ ಸುಲಭ. ಮೌಂಟ್ ಫೋಲ್ಡರ್ ರೂಟ್ ಹೆಸರಲ್ಲೇ ಇರಲಿ. ಡಿಸ್ಕ್ ಮೌಂಟ್ ಆದ ಮೇಲೆ ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ, ಅದನ್ನಷ್ಟೇ ಹಡೂಪ್ ಬಳಕೆದಾರನಿಗೆ ಬಿಟ್ಟುಕೊಡಿ.

ಈಗ ಹಡೂಪ್‌ನ ಸೆಟ್ಟಿಂಗ್‌ಗಳಿರುವ ಎಚ್‌ಡಿಎಫ್‌ಎಸ್-ಸೈಟ್ ಎಕ್ಸ್‌ಎಂಎಲ್ ಕಡತ. ಡಿಎಫ್‌ಎಸ್.ಡೇಟಾನೋಡ್.ಡೇಟಾ.ಡಿರ್ ಎಂಬಲ್ಲಿ ಆ ಒಳಫೋಲ್ಡರ್‌ಗಳ ಪೂರ್ತಿ ದಾರಿಯನ್ನು ಅಲ್ಪವಿರಾಮ ಹಾಕಿ ಸಾಲಾಗಿ ಬರೆಯಿರಿ. (ಟೈಪಿಸುವಾಗ ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ.) ಇದನ್ನು ಬರೆಯದಿದ್ದರೆ ಡೇಟಾ ಟೆಂಪ್ ಫೋಲ್ಡರ್ ಸೇರುತ್ತದೆ. ರೀಸ್ಟಾರ್ಟ್ ಆದಾಗ ಅಳಿಸಿಹೋದರೂ ಆಶ್ಚರ್ಯವಿಲ್ಲ. ಡಿಎಫ್‌ಎಸ್.ಡೇಟಾನೋಡ್.ಫೇಲ್ಡ್.ವಾಲ್ಯೂಮ್ಸ್.ಟಾಲರೇಟೆಡ್ ಮೌಲ್ಯ ಮೊದಲಿಗೆ 0 ಇರುತ್ತದೆ. ಅಂದರೆ ಒಂದು ಡಿಸ್ಕ್ ಕೆಟ್ಟರೆ ಇಡೀ ಡೇಟಾನೋಡ್ ನಿಲ್ಲುತ್ತದೆ. ಎರಡು ಡಿಸ್ಕ್ ಇದ್ದಾಗ 1 ಮಾಡಿ. ಡಿಎಫ್‌ಎಸ್.ಡೇಟಾನೋಡ್.ಡಿಯು.ರಿಸರ್ವ್ಡ್ ಎಂಬಲ್ಲಿ ಡಿಸ್ಕಿಗಿಷ್ಟು ಎಂದು ಖಾಲಿ ಬಿಡುವ ಜಾಗವನ್ನು ಬೈಟ್‌ಗಳಲ್ಲಿ ಕೊಡಿ. 10 ಜಿಬಿಗೆ 10737418240.

ಕಡತ ಉಳಿಸಿ ಡೇಟಾನೋಡ್ ರೀಸ್ಟಾರ್ಟ್ ಮಾಡಿ. ನೇಮ್‌ನೋಡ್ ಫಾರ್ಮ್ಯಾಟ್ ಆಜ್ಞೆಯ ತಂಟೆಗೆ ಮಾತ್ರ ಹೋಗಬೇಡಿ. ನೇಮ್‌ನೋಡ್ ಇಟ್ಟುಕೊಂಡಿರುವ, ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವೇ ಅಳಿಸಿಹೋಗುತ್ತದೆ. ಡಿಎಫ್‌ಎಸ್‌ಅಡ್ಮಿನ್ ಆಜ್ಞೆಯಿಂದ ರಿಪೋರ್ಟ್ ತೆಗೆದಾಗ ಒಟ್ಟು ಜಾಗ ಹೆಚ್ಚಿದ್ದರೆ ಕೆಲಸ ಆಯಿತು.

ಹಳೇ ಡೇಟಾ ತಾನಾಗಿ ಹೊಸ ಡಿಸ್ಕಿಗೆ ಬರುವುದಿಲ್ಲ. ಬ್ಯಾಲೆನ್ಸರ್ ಓಡಿಸಿದರೆ ಸಾಕಲ್ವಾ ಎಂದರೆ, ಅದು ಯಂತ್ರದಿಂದ ಯಂತ್ರಕ್ಕೆ ಹಂಚುವ ಸಾಧನ. ಒಂದೇ ಯಂತ್ರದ ಡಿಸ್ಕ್‌ಗಳ ನಡುವೆ ಹಂಚಲು ಹಡೂಪ್ 3ರಲ್ಲಿ ಡಿಸ್ಕ್‌ಬ್ಯಾಲೆನ್ಸರ್ ಇದೆ. ಮೊದಲು ಪ್ಲ್ಯಾನ್, ಆಮೇಲೆ ಎಕ್ಸಿಕ್ಯೂಟ್. ಲ್ಯಾಬ್ ಮುಗಿದ ಮೇಲೆ ಸಂಜೆ ಶುರು ಮಾಡಿ, ಯುಪಿಎಸ್ ಬ್ಯಾಟರಿ ಒಮ್ಮೆ ನೋಡಿಕೊಂಡು.